ರೈಲಿಗೆ ಬೆನ್ನು ಹಾಕಿ ನಿಂತವಳು

ಊಟದ ಮೇಜಿನ ಮೇಲೆ ಹಾಲೊವೇ ಊರಿಗೆ ಊರೇ ಬಂದು ನಿಂತಿತ್ತು. ಬೀನ್ಸಿನ ಪಾತ್ರೆಯನ್ನು ಎರಡು ಕೈಯಲ್ಲಿ ಹಿಡಿದು ಬಂದ ಬರ್ನೀಸ್‌ಗೆ ಅದನ್ನು ಇಳಿಸಲು ಅಂಗೈಯಗಲ ಜಾಗ ಕಾಣಲಿಲ್ಲ. ಮೇಜಿನ ಉದ್ದಕ್ಕೂ ಹಳೆಯ ಪತ್ರಿಕೆ ಹಾಸಿ, ಉಗುರುದ್ದದ ಗೊಂಬೆಗಳನ್ನು ಸಾಲು ನಿಲ್ಲಿಸಿ, ಅವಳ ಗಂಡ ಆಲ್ವಿನ್ ಕುಬೇನಾ ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಒಬ್ಬೊಬ್ಬರಿಗೂ ಬಣ್ಣ ಬಳಿಯುತ್ತಿದ್ದ.

"ಆಲ್ವಿನ್, ಈ ಜನಾನೆಲ್ಲ ಎಬ್ಬಿಸು. ಕೈ ಸುಡ್ತಾ ಇದೆ."

"ಇನ್ನೂ ಒಣಗಿಲ್ಲ ಕಣೇ. ಈಗ ಮುಟ್ಟಿದ್ರೆ ಪಾದ್ರಿಗಳ ಮೂಗು ಅಳಿಸಿಹೋಗತ್ತೆ."

"ಪಾದ್ರಿಗಳ ಮೂಗಿಗಿಂತ ನನ್ನ ಕೈ ದೊಡ್ಡದು."

"ಅದಕ್ಕೇ ಹೇಳ್ತಿರೋದು. ಅಷ್ಟು ದೊಡ್ಡ ಕೈ ಇಲ್ಲಿಗೆ ತರಬೇಡ."

ಕ್ರಿಸ್ಮಸ್ ಕಳೆದ ಮೇಲೆ ಆ ಮನೆಯವರು ಒಂದು ದಿನವೂ ಮೇಜಿನ ಮುಂದೆ ಕೂತು ಉಂಡಿರಲಿಲ್ಲ. ಅಡುಗೆಮನೆಯ ಕಟ್ಟೆಗೆ ಒರಗಿ, ತಟ್ಟೆ ಎದೆಗೆ ಹಿಡಿದು, ಛತ್ರದಲ್ಲಿ ಕೊನೆಯ ಪಂಕ್ತಿಗೆ ಕಾದವರ ಹಾಗೆ ನಿಂತೇ ತಿನ್ನುತ್ತಿದ್ದರು. ಇಷ್ಟಕ್ಕೆಲ್ಲ ಕಾರಣ ಡಿಸೆಂಬರಿನಲ್ಲಿ ಊರಿನ ಮೇಲೆ ಹಾದುಹೋದ ರೈಲು. ತೀರಿಹೋದ ಅಧ್ಯಕ್ಷರು ದೇಶಕ್ಕೆ ನಲವತ್ತೊಂದನೆಯವರು. ಅವರು ಬದುಕಿದ್ದಾಗಲೇ ಅವರ ಗೌರವಕ್ಕೆಂದು ಒಂದು ಎಂಜಿನ್ನಿಗೆ ಅವರ ವಿಮಾನದ ನೀಲಿ ಬಣ್ಣ ಹೊಡೆಸಿ 4141 ಎಂದು ನಂಬರು ಬರೆಸಿದ್ದರು. ಕೊನೆಗೆ ಅದೇ ಎಂಜಿನ್ನು ಅವರ ಶವಪೆಟ್ಟಿಗೆಯನ್ನು ಎಳೆದುಕೊಂಡು ಹೋಯಿತು. ಟೆಕ್ಸಸ್ಸಿನ ಆ ದಾರಿಯುದ್ದಕ್ಕೂ ಜನ ಜಿಟಿಜಿಟಿ ಮಳೆಯಲ್ಲಿ ಬಾವುಟ ಹಿಡಿದು ನಿಂತರು. ಹಳಿಯ ಮೇಲೆ ಪೆನ್ನಿ ಕಾಸು ಇಟ್ಟು, ರೈಲು ಹೋದ ಮೇಲೆ ಚಪ್ಪಟೆಯಾದ ತಾಮ್ರದ ಚೂರನ್ನು ನೆನಪಿಗೆ ಎತ್ತಿಟ್ಟುಕೊಂಡರು.

ಆಲ್ವಿನ್ ಮತ್ತವನ ಗೆಳೆಯರದು ಪುಟ್ಟ ರೈಲುಗಳ ಸಂಘ. ಅದನ್ನು ಆಟ ಅಂದರೆ ಅವರಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಆ ದಿನದ ಹಾಲೊವೇಯನ್ನು ಇದ್ದದ್ದು ಇದ್ದ ಹಾಗೆ ಕಟ್ಟಿ, ಫೆಬ್ರವರಿಯ ಅಧ್ಯಕ್ಷರ ದಿನಕ್ಕೆ ಊರ ಗ್ರಂಥಾಲಯದಲ್ಲಿ ನೀಲಿ ಎಂಜಿನ್ನನ್ನು ಓಡಿಸುವುದೆಂದು ಅವರು ತೀರ್ಮಾನಿಸಿದ್ದರು. ಆವತ್ತು ಆಲ್ವಿನ್ ದನದ ಮೇವಿನ ಅಂಗಡಿಯ ಎತ್ತರದ ಕಟ್ಟೆ ಹತ್ತಿ ಉದ್ದ ಮೂತಿಯ ಕ್ಯಾಮೆರಾದಲ್ಲಿ ಊರನ್ನೆಲ್ಲ ಹಿಡಿದಿದ್ದ. ಗ್ಯಾರೇಜಿನ ಗೋಡೆಯ ಮೇಲೆ ಸಂಘದ ನಿಯಮ ಹಲಗೆಯಲ್ಲಿ ನೇತಾಡುತ್ತಿತ್ತು: ಇದ್ದದ್ದನ್ನು ಬಿಡಬೇಡ, ಇಲ್ಲದ್ದನ್ನು ಇಡಬೇಡ.

"ತಾತ, ನನ್ನನ್ನ ಎಲ್ಲಿ ನಿಲ್ಲಿಸಿದೀಯ?" ಎಂದು ಕೇಳಿದಳು ಮೊಮ್ಮಗಳು ಟೆಸ್ಸಾ, ಜೋಳದ ಬ್ರೆಡ್ಡಿನ ಪುಡಿ ಉದುರಿಸುತ್ತ.

"ನೀನಿನ್ನೂ ಸಿಕ್ಕಿಲ್ಲ ಮರಿ. ಸ್ಕೂಲ್ ಬ್ಯಾಂಡಿನವರನ್ನೆಲ್ಲ ಒಂದೊಂದಾಗಿ ನೋಡಿದೆ, ಅವರಲ್ಲಿ ನೀನಿಲ್ಲ."

"ಹಿಂದೆ ಇದ್ದೆ. ಸಿಗದಿದ್ರೆ ಬಿಡು."

ಅವಳು ತಟ್ಟೆ ತೊಳೆಯದೆ ಇಟ್ಟು ಹೋದಳು. ಹದಿನೇಳರ ಹುಡುಗಿ, ತಟ್ಟೆ ತೊಳೆಯದಿರುವುದರಲ್ಲಿ ವಿಶೇಷವೇನಿಲ್ಲ ಎಂದುಕೊಂಡು ಬರ್ನೀಸ್ ತಾನೇ ತೊಳೆದಳು.

ಟೆಸ್ಸಾಳ ತಾಯಿ ಡೀನಾ ಕೆಲಸದಿಂದ ಬಂದದ್ದು ಆಮೇಲೆ. ಅವಳು ಮುದುಕರ ಆರೈಕೆಯ ಮನೆಯೊಂದರಲ್ಲಿ ಸಂಜೆಯ ಪಾಳಿ ಮಾಡುತ್ತಿದ್ದಳು. ಎರಡು ವರ್ಷದ ಹಿಂದೆ, ಗಂಡ ರಾಯ್ಸ್ ಮುರಿದ ದವಡೆಗೆ ತಂತಿ ಹಾಕಿಸಿಕೊಂಡು, ಮಗಳ ಕೈ ಹಿಡಿದು ತವರಿಗೆ ಬಂದವಳು. ತಿಂಗಳುಗಟ್ಟಲೆ ಬರ್ನೀಸ್ ಅವಳಿಗೆ ಸೂಪನ್ನು ಸ್ಟ್ರಾದಲ್ಲಿ ಕುಡಿಸಿದ್ದಳು. ರಾಯ್ಸ್ ಇನ್ನೂರು ಗಜದೊಳಗೆ ಡೀನಾಳ ಹತ್ತಿರ ಸುಳಿಯಕೂಡದೆಂದು ಜಡ್ಜರ ಆಜ್ಞೆಯಿತ್ತು. ಬರ್ನೀಸ್‌ಗೆ ಜಡ್ಜರಿಗಿಂತ ತನ್ನ ಕಣ್ಣಿನ ಮೇಲೆ ಹೆಚ್ಚು ನಂಬಿಕೆ. ಪಾತ್ರೆ ತೊಳೆಯುವಾಗ, ಬಟ್ಟೆ ಒಣಹಾಕುವಾಗ, ಚರ್ಚಿನಲ್ಲಿ ಪ್ರಾರ್ಥನೆಗೆ ತಲೆ ಬಾಗಿಸಿದಾಗಲೂ ಅವಳ ಒಂದು ಕಣ್ಣು ರಸ್ತೆಯ ಮೇಲಿರುತ್ತಿತ್ತು. ಈಚೆಗೆ ಡೀನಾ ಪಾತ್ರೆ ಒರೆಸುವಾಗ ಹಾಡು ಗುನುಗುತ್ತಿದ್ದಳು. ಬರ್ನೀಸ್‌ಗೆ ಅದೂ ಭಯವೇ. ಈ ಹುಡುಗಿ ಹಾಡುವುದು ಯಾರಾದರೂ ಸಿಹಿಮಾತು ಆಡಿದಾಗ ಮಾತ್ರ ಎಂದು ಹೆತ್ತವಳಿಗೆ ಗೊತ್ತಿತ್ತು.

ಜನವರಿಯ ಕೊನೆಗೆ ಗೊಂಬೆಗಳ ಸುದ್ದಿ ಊರೆಲ್ಲ ಹಬ್ಬಿತು. ಚರ್ಚಿನ ಎಡ್ನಾ ಪಾಸ್ಕಲ್ ಪೆಕಾನ್ ಬೀಜದ ಕಡುಬಿನ ತಟ್ಟೆ ಹಿಡಿದು ಬಂದಳು. ರೈಲು ಬಂದ ದಿನ ಜ್ವರದಿಂದ ಹಾಸಿಗೆ ಹಿಡಿದಿದ್ದವಳು.

"ಒಂದು ಮೂಲೇಲಿ ನಿಲ್ಲಿಸು ಆಲ್ವಿನ್, ನಾನೇನು ಮುಂದಿನ ಸಾಲು ಕೇಳಲ್ಲ. ಮನಸ್ಸಿನಲ್ಲಿ ನಾನು ಅಲ್ಲೇ ಇದ್ದೆ."

"ಮನಸ್ಸಿಗೆ ಬಣ್ಣ ಹೊಡೆಯೋಕೆ ಬರಲ್ಲ ಎಡ್ನಾ."

"ಬರ್ನೀಸ್, ನಿನ್ನ ಗಂಡನಿಗೆ ಸ್ವಲ್ಪ ಹೇಳೇ!"

"ನಾನು ಹೇಳಿದ್ದು ಕೇಳೋ ಹಾಗಿದ್ರೆ ನಿನಗೆ ಕೂತ್ಕೊಳೋಕೆ ಕುರ್ಚಿ, ಕಾಫಿ ಇಡೋಕೆ ಮೇಜು ಇರ್ತಿತ್ತು."

ಎಡ್ನಾ ಮುಖ ಊದಿಸಿಕೊಂಡು ಹೋದಳು. ಆಲ್ವಿನ್ ಗೊಂಬೆ ಇಡಲಿಲ್ಲ, ಕಡುಬು ಮಾತ್ರ ಬಿಡಲಿಲ್ಲ. ಮುಂದಿನ ಭಾನುವಾರ ಚರ್ಚಿನಲ್ಲಿ ಎಡ್ನಾಳ ಬೆನ್ನು ನೋಡಿಕೊಂಡು ಕೂರಬೇಕಾದವಳು ಬರ್ನೀಸ್.

ಆ ಭಾನುವಾರವೇ ಊಟವಾದ ಮೇಲೆ ಆಲ್ವಿನ್ ಕೈ ಒರೆಸಿಕೊಂಡು, "ಬಾ, ತೋರಿಸ್ತೀನಿ" ಎಂದು ಹೆಂಡತಿಯನ್ನು ಗ್ಯಾರೇಜಿಗೆ ಕರೆದ. ಅವನ ಮುಖ ಮದುವೆಯ ದಿನ ಇದ್ದದ್ದಕ್ಕಿಂತ ಹೊಳೆಯುತ್ತಿತ್ತು. ಉದ್ದನೆಯ ಹಲಗೆಯ ಮೇಲೆ ಹಾಲೊವೇ ಸಿದ್ಧವಾಗಿತ್ತು. ಹಳಿ, ಗೇಟು, ಮೇವಿನ ಅಂಗಡಿ, ಒದ್ದೆ ರಸ್ತೆ, ಕೊಡೆಗಳು. ಬರ್ನೀಸ್ ಬೈಯಬೇಕೆಂದು ಬಂದವಳು ಬೈಗುಳ ಮರೆತು ಬಾಗಿದಳು. ಪಾದ್ರಿ ಅಲ್ಲಿದ್ದರು, ಮೂಗು ಸಮೇತ. ಸಂಘದ ಹೋಯ್ಟ್ ತನ್ನ ಕುಂಟ ನಾಯಿಯ ಜೊತೆಗಿದ್ದ. ಕಂದು ಕೋಟಿನಲ್ಲಿ ಅವಳೂ ಇದ್ದಳು.

"ಇದೇನು, ನನ್ನನ್ನ ಹಿಂದುಮುಂದಾಗಿ ಅಂಟಿಸಿದೀಯ? ರೈಲಿಗೆ ಬೆನ್ನು ಹಾಕಿ ನಿಂತಿದೀನಲ್ಲ!"

"ನೀನು ನಿಂತಿದ್ದೇ ಹಾಗೆ. ಫೋಟೋ ನೋಡು. ಊರಿಗೆ ಊರೇ ರೈಲಿನ ಕಡೆ, ನೀನೊಬ್ಬಳು ರಸ್ತೆ ಕಡೆ."

ಅದು ನಿಜವೆಂದು ಅವಳಿಗೆ ನೆನಪಾಯಿತು. ಗಾಜಿನ ಗೋಡೆಯ ಬೋಗಿಯಲ್ಲಿ ಬಾವುಟ ಹೊದ್ದ ಪೆಟ್ಟಿಗೆಯನ್ನು ಎಲ್ಲರೂ ನೋಡಿದರಂತೆ, ಅವಳು ನೋಡಿರಲಿಲ್ಲ. ಮಾತು ಬದಲಿಸಬೇಕೆಂದು ಮೇವಿನ ಅಂಗಡಿಯ ಹಿಂಬದಿಗೆ ಕಣ್ಣು ಹಾಯಿಸಿದಳು. ಅಲ್ಲಿ ಒಂದು ಕೆಂಗಂದು ಟ್ರಕ್ಕು ನಿಂತಿತ್ತು. ಹಿಂದಿನ ದೀಪಕ್ಕೆ ಅಂಟುಪಟ್ಟಿ ಸುತ್ತಿತ್ತು. ಹಿಂಬಾಗಿಲು ಎಡಗಡೆ ಒಳಕ್ಕೆ ಕುಸಿದಿತ್ತು. ಪಕ್ಕದಲ್ಲಿ ಒಬ್ಬ ಗಂಡಸು, ಅವನ ತೋಳಿನ ಕೆಳಗೆ ಹಳದಿ ಮಳೆಕೋಟಿನ ಒಂದು ಹೆಣ್ಣು.

ಬರ್ನೀಸ್ ಹಲಗೆಯ ಅಂಚು ಹಿಡಿದು ಇನ್ನಷ್ಟು ಬಾಗಿದಳು.

"ಆಲ್ವಿನ್, ಇದು ಯಾರ ಟ್ರಕ್ಕು?"

"ಯಾರದೋ ಗೊತ್ತಿಲ್ಲ. ಚೆನ್ನಾಗಿ ಬಂದಿದೆ ಅಲ್ವಾ? ತುಕ್ಕು ನೋಡು, ಸೀಮೆಸುಣ್ಣದ ಪುಡಿಗೆ ಕಾಫಿ ಚರಟ ಕಲಸಿದ್ದು. ಆ ಹಿಂಬಾಗಿಲು ಕುಸಿದಿರೋದನ್ನ ತರೋಕೇ ಒಂದು ವಾರ ಹಿಡೀತು."

"ಅದು ಕುಸಿದದ್ದು ನಮ್ಮ ಅಂಚೆಪೆಟ್ಟಿಗೆಯ ಕಂಬಕ್ಕೆ ಬಡಿದು. ಕುಡಿದು ಹಿಂದಕ್ಕೆ ತೆಗೆದನಲ್ಲ, ಆ ಕಂಬಾನ ಮತ್ತೆ ನೆಟ್ಟೋನು ನೀನು."

ಆಲ್ವಿನ್ ಭೂತಗನ್ನಡಿ ತೆಗೆದ. ಟ್ರಕ್ಕನ್ನು ಬರಿಗಣ್ಣಿನಲ್ಲಿ ನೋಡಿದ, ಹೆಂಡತಿಯನ್ನು ನೋಡಿದ, ಬಣ್ಣದ ಡಬ್ಬಿಯ ಮೇಲೆ ಕುಸಿದು ಕೂತ.

"ರಾಯ್ಸ್‌ದು," ಅಂದ.

"ಒಂದು ವಾರ ಅದರ ಮುಂದೆ ಕೂತಿದ್ದೆಯಲ್ಲೋ! ನಿನ್ನ ಕಣ್ಣಿಗೇನು ಮಣ್ಣು ಬಿದ್ದಿತ್ತಾ?"

"ನಾನು... ನಾನು ತುಕ್ಕು ನೋಡ್ತಿದ್ದೆ ಬರ್ನೀಸ್."

ಸುಳ್ಳು ಹೇಳಿದ್ದರೆ ಅವಳಿಗೆ ಅಷ್ಟು ನೋವಾಗುತ್ತಿರಲಿಲ್ಲ. ಅವನು ಹೇಳಿದ್ದು ಅಕ್ಷರಶಃ ನಿಜವೆಂದು ಅವಳಿಗೆ ಗೊತ್ತಿತ್ತು. ಆದರೆ ಅವಳ ಎದೆಗೆ ಚುಚ್ಚಿದ್ದು ಹಳದಿ ಮಳೆಕೋಟು. ಅದನ್ನು ಡೀನಾಳ ಹುಟ್ಟುಹಬ್ಬಕ್ಕೆ ಕೊಡಿಸಿದವಳು ಅವಳೇ. ಹಾಡು ಗುನುಗುವುದರ ಗುಟ್ಟು ಇದೇ ಎಂದು ತೀರ್ಮಾನಿಸಿಬಿಟ್ಟಳು.

ಅಂದು ಡೀನಾಗೆ ರಜೆ. ಸಂಜೆ ಊಟಕ್ಕೆ ನಾಲ್ವರೂ ಕಟ್ಟೆಯ ಮುಂದೆ ಸೇರಿದರು. ಬರ್ನೀಸ್ ಮಗಳ ತಟ್ಟೆಗೆ ಬೇಯಿಸಿದ ದನದ ಮಾಂಸ ಬಡಿಸಿ, ಅದರ ಪಕ್ಕಕ್ಕೆ ಹಲಗೆಯಿಂದ ಕಿತ್ತು ತಂದ ಪುಟ್ಟ ಟ್ರಕ್ಕನ್ನು ಇಟ್ಟಳು.

"ಏನಮ್ಮ ಇದು?"

"ನೀನೇ ಹೇಳು. ಹಳದಿ ಕೋಟು ಹಾಕ್ಕೊಂಡು ಇದರ ಪಕ್ಕ ನಿಂತಿದ್ದೋಳು ನೀನು."

ಡೀನಾ ಟ್ರಕ್ಕನ್ನು ತಿರುಗಿಸಿ ಹಿಂಬಾಗಿಲು ನೋಡಿದಳು. ಅವಳ ಮುಖದಲ್ಲಿ ರಕ್ತ ಉಳಿಯಲಿಲ್ಲ. "ಎಲ್ಲಿತ್ತು ಇದು? ಅವನು ಎಲ್ಲಿದ್ದ?"

"ನಾಟಕ ಬೇಡ ಡೀನಾ! ಸ್ಟ್ರಾದಲ್ಲಿ ಸೂಪು ಕುಡಿಸಿದೀನಿ ನಿನಗೆ, ನಾಚಿಕೆ ಆಗಲ್ವಾ?"

"ಅಮ್ಮ, ನಾನು ಆವತ್ತು ಕೆಲಸದ ಬಟ್ಟೆಯಲ್ಲೇ ಓಡಿ ಬಂದೋಳು! ಅಲ್ಲಿನ ಅಜ್ಜಿಯರ ಗಾಲಿಕುರ್ಚಿ ಹಿಡ್ಕೊಂಡು ಗೇಟಿನ ಹತ್ತಿರ ನಿಂತಿದ್ದೆ. ಕೇಳು ಅಪ್ಪನ್ನ."

"ಹೌದು," ಅಂದ ಆಲ್ವಿನ್ ಮೆಲ್ಲಗೆ. "ನೀಲಿ ಬಟ್ಟೆ. ಕುರ್ಚೀನ ನಾನೇ ಮಾಡಿದೆ."

"ಹಾಗಾದ್ರೆ ಕೋಟು?"

ಮೂವರೂ ಒಟ್ಟಿಗೆ ಟೆಸ್ಸಾಳ ಕಡೆ ತಿರುಗಿದರು.

"ಅಮ್ಮನ ಕೋಟು ಹಾಕ್ಕೊಂಡಿದ್ದೋಳು ನಾನೇ," ಅಂದಳು ಟೆಸ್ಸಾ. "ಹಾಗೆ ನೋಡಬೇಡಿ. ಅವರು ನಮ್ಮಪ್ಪ. ನನ್ನ ಜೊತೆ ರೈಲು ನೋಡ್ಬೇಕು ಅಂತ ಬಂದಿದ್ರು. ಇಬ್ಬರೂ ಒಂದೊಂದು ಪೆನ್ನಿ ಇಟ್ಟು ಚಪ್ಪಟೆ ಮಾಡ್ಸಿದ್ವಿ, ಅಷ್ಟೇ. ಕುಡಿಯೋದು ಬಿಟ್ಟಿದ್ದಾರೆ. ಬದಲಾಗಿದ್ದಾರೆ."

"ನಾಯಿ ಬಾಲ ಯಾವತ್ತಿದ್ರೂ ಡೊಂಕೇ!" ಎಂದು ಬರ್ನೀಸ್ ಚಮಚ ಕುಕ್ಕಿದಳು. "ನಿಮ್ಮಮ್ಮನ ದವಡೆ ಮರೆತುಹೋಯ್ತಾ ನಿನಗೆ?"

"ನೀವು ಮರೆಯೋಕೆ ಬಿಟ್ಟಿದ್ರೆ ತಾನೇ ಅಜ್ಜಿ! ಈ ಮನೇಲಿ ದಿನಾ ಸಂಜೆ ಅದೇ ಊಟ."

ಡೀನಾ ಇಬ್ಬರನ್ನೂ ಕೈ ಎತ್ತಿ ಸುಮ್ಮನಾಗಿಸಿದಳು. ಅವಳ ದನಿ ತೀರ ಸಣ್ಣದಾಗಿತ್ತು. "ಟೆಸ್ಸಾ, ಒಂದೇ ಮಾತು ಕೇಳ್ತೀನಿ. ನನ್ನ ಪಾಳಿ ಯಾವುದು ಅಂತ ಅವನಿಗೆ ಹೇಳಿದೀಯಾ?"

ಟೆಸ್ಸಾ ತಟ್ಟೆ ನೋಡಿದಳು. "ಸುಮ್ಮನೆ ಕೇಳಿದ್ರು. ಅಮ್ಮ ಹೇಗಿದ್ದಾಳೆ, ಎಷ್ಟೊತ್ತಿಗೆ ಬರ್ತಾಳೆ ಅಂತ."

ಡೀನಾಳ ಕೈ ತಾನಾಗಿಯೇ ದವಡೆಗೆ ಹೋಯಿತು. ಮಾಂಸ ತಟ್ಟೆಯಲ್ಲೇ ತಣ್ಣಗಾಯಿತು. ತಾನು ಎರಡು ವರ್ಷ ರಸ್ತೆ ಕಾದದ್ದೆಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತಲ್ಲ ಎಂದು ಬರ್ನೀಸ್‌ಗೆ ಅಳು ಬಂತು. ಬಾಗಿಲಿಗೆ ಚಿಲಕ ಹಾಕಿ ಕೂತಿದ್ದಳು, ಸುದ್ದಿ ಒಳಗಿನಿಂದಲೇ ಹೊರಗೆ ಹೋಗಿತ್ತು.

ಜಿಲ್ಲೆಯ ಪೊಲೀಸ್ ಮುಖ್ಯಸ್ಥ ಶೆರಿಫನ ಕಚೇರಿಗೆ ಹೇಳಬೇಕೆಂದು ಬರ್ನೀಸ್ ಮರುದಿನವೇ ಹಟ ಹಿಡಿದಳು. ಫೋಟೋದಲ್ಲಿ ಗಂಡಸಿನ ಬೆನ್ನು ಮಾತ್ರವಿತ್ತು. ಅವನು ಅವನೇ ಎಂದು ಹೇಳಬಲ್ಲವಳು ಟೆಸ್ಸಾ ಒಬ್ಬಳೇ.

"ಹೇಳಿದ್ರೆ ಜೈಲಿಗೆ ಹಾಕ್ತಾರೆ," ಎಂದು ಟೆಸ್ಸಾ ಅತ್ತಳು. "ರೈಲು ನೋಡೋಕೆ ಬಂದಿದ್ದಕ್ಕೆ ಜೈಲಾ?"

"ನಾನು ನಿನ್ನ ಬಾಯಿಂದ ಹೇಳಿಸಲ್ಲ," ಅಂದಳು ಡೀನಾ. "ಅವನು ನನಗೆ ಏನೂ ಅಲ್ಲ. ನಿನಗೆ ಅಪ್ಪ. ನಾನು ಬೆಳಗಿನ ಪಾಳಿಗೆ ಬದಲಾಯಿಸ್ಕೊಳ್ತೀನಿ. ನರ್ಸಿಂಗ್ ತರಗತಿ ಸಂಜೆಗೆ ಸಿಕ್ಕಿದೆ, ಅದಕ್ಕೂ ಅನುಕೂಲ. ನಿಮಗೆಲ್ಲ ಆಮೇಲೆ ಹೇಳಿ ಖುಷಿಪಡಿಸೋಣ ಅಂತಿದ್ದೆ."

ಹಾಡು ಗುನುಗಿದ್ದು ಅದಕ್ಕೆ. ಬರ್ನೀಸ್ ಸೆರಗಿಲ್ಲದ ಊರಿನವಳು, ಏಪ್ರನ್ನಿನಲ್ಲೇ ಮುಖ ಮುಚ್ಚಿಕೊಂಡಳು. ಮಗಳಿಗೆ ಕ್ಷಮೆ ಕೇಳಬೇಕೆಂದಿದ್ದವಳು, "ಮಾಂಸ ಬಿಸಿ ಮಾಡ್ಲಾ?" ಎಂದಷ್ಟೇ ಕೇಳಿದಳು.

ಆಲ್ವಿನ್ ಹಲಗೆಯಿಂದ ಆ ಎರಡು ಗೊಂಬೆಗಳನ್ನೂ ಕಿತ್ತು ಟ್ರಕ್ಕಿನ ಜೊತೆ ಖಾನೆಯಲ್ಲಿಟ್ಟ. ಮೊಮ್ಮಗಳು ಬೇಡಿಕೊಂಡಿದ್ದಳು. ಮೇವಿನ ಅಂಗಡಿಯ ಹಿಂದೆ ಅಂಟಿನ ಕಲೆ ಮಾತ್ರ ಉಳಿಯಿತು.

"ಕಡುಬು ತಂದ ಎಡ್ನಾಗೆ ಒಂದು ಮೂಲೆ ಕೊಡ್ಲಿಲ್ಲ," ಎಂದು ಬರ್ನೀಸ್ ಅವನ ಮೇಲೆ ಹರಿಹಾಯ್ದಳು. "ಈ ಪುಣ್ಯಾತ್ಮನಿಗೋಸ್ಕರ ಟ್ರಕ್ಕನ್ನೇ ಮಾಯ ಮಾಡಿದೆ! ಆ ಗೋಡೆ ಮೇಲಿನ ಹಲಗೇನ ಇಳಿಸಿ ಒಲೆಗೆ ಹಾಕು."

ಆ ವಾರವೆಲ್ಲ ಆಲ್ವಿನ್ ಕುಂಚ ಮುಟ್ಟಲಿಲ್ಲ. ಮೇಜು ಖಾಲಿಯಾಯಿತು, ಆದರೂ ಎಲ್ಲರೂ ಕಟ್ಟೆಯ ಮುಂದೆ ನಿಂತೇ ತಿಂದರು. ಕೂತರೆ ಒಬ್ಬರ ಮುಖ ಒಬ್ಬರು ನೋಡಬೇಕಾಗುತ್ತಿತ್ತು.

ಅಧ್ಯಕ್ಷರ ದಿನದ ಹಿಂದಿನ ಮಧ್ಯಾಹ್ನ ಬರ್ನೀಸ್ ಗ್ರಂಥಾಲಯಕ್ಕೆಂದು ಕೊಲಾಚೆ ಎಂಬ ಸಿಹಿ ಬನ್ನುಗಳಿಗೆ ಏಪ್ರಿಕಾಟ್ ತುಂಬುತ್ತಿದ್ದಳು. ಡೀನಾ ಬೆಳಗಿನ ಪಾಳಿ ಮುಗಿಸಿ ಒಳಗೆ ಬಂದಳು. ಕೋಟು ಬಿಚ್ಚಲಿಲ್ಲ. ಹಿಟ್ಟಿನ ಪಕ್ಕದಲ್ಲಿ ಏನನ್ನೋ ಇಟ್ಟಳು. ಚಪ್ಪಟೆಯಾದ ಒಂದು ಪೆನ್ನಿ.

"ಎಲ್ಲಿತ್ತು?"

"ನನ್ನ ಕಾರಿನ ಗಾಜಿನ ಮೇಲೆ, ವೈಪರ್ ಕಡ್ಡಿಯ ಕೆಳಗೆ. ಕೆಲಸದ ಜಾಗದಲ್ಲಿ."

ಬರ್ನೀಸ್ ಕೈಯಲ್ಲಿದ್ದ ಚಮಚದಿಂದ ಏಪ್ರಿಕಾಟ್ ನೆಲಕ್ಕೆ ತೊಟ್ಟಿಕ್ಕಿತು. ಚೀಟಿಯಿಲ್ಲ, ಬೆದರಿಕೆಯ ಮಾತಿಲ್ಲ, ಬರೀ ಒಂದು ಕಾಸು. ನಾನು ಬಂದಿದ್ದೆ, ನೀನು ಯಾವಾಗ ಹೋಗುತ್ತೀ ಬರುತ್ತೀ ನನಗೆ ಗೊತ್ತು ಎಂದು ಅದೇ ಹೇಳುತ್ತಿತ್ತು.

"ಈಗಲೇ ಪೊಲೀಸ್..."

"ಏನಂತ ಹೇಳ್ಲಿ ಅಮ್ಮ? ಇಂಥ ಕಾಸು ಅರ್ಧ ಜಿಲ್ಲೆಯವರ ಹತ್ತಿರ ಇದೆ. ಒಂದು ಪೆನ್ನಿ ಇಟ್ಟಿದ್ದಕ್ಕೆ ಯಾರನ್ನ ಹಿಡೀತಾರೆ?"

ಬಾಗಿಲಲ್ಲಿ ಟೆಸ್ಸಾ ನಿಂತಿದ್ದಳು. ಎಷ್ಟು ಹೊತ್ತಿನಿಂದಲೋ ತಿಳಿಯದು. ಕಾಸನ್ನು ನೋಡಿದಳು, ಮೆಟ್ಟಿಲು ಹತ್ತಿ ಕೋಣೆಗೆ ಹೋದಳು, ತನ್ನದನ್ನು ತಂದು ಪಕ್ಕದಲ್ಲಿಟ್ಟಳು. ಎರಡೂ ಒಂದೇ ಕಡೆಗೆ ವಾಲಿ, ಎಲೆಯ ಹಾಗೆ ಚಾಚಿಕೊಂಡಿದ್ದವು. ಒಂದೇ ಹಳಿಯ ಮೇಲೆ ಪಕ್ಕಪಕ್ಕದಲ್ಲಿ ಮಲಗಿದ್ದ ಕಾಸುಗಳು.

"ಅಮ್ಮ ಈಗ ಬೆಳಿಗ್ಗೆ ಹೋಗ್ತಾಳೆ ಅಂತ ಮಾತ್ರ ಹೇಳ್ದೆ," ಅಂದಳು. "ಸಂಜೆ ಕಾರು ಕಾಣ್ತಿಲ್ಲ, ಅವಳಿಗೆ ಹುಷಾರಿಲ್ವಾ ಅಂತ ಕೇಳಿದ್ರು. ಪಾಪ, ಕಾಳಜಿ ಅಂದ್ಕೊಂಡೆ." ಅವಳು ಕಾಸಿನಿಂದ ತಲೆ ಎತ್ತಿದಳು. "ಅಮ್ಮ, ಕಾರು ಕಾಣ್ತಿಲ್ಲ ಅಂತ ಅವರಿಗೆ ಹೇಗೆ ಗೊತ್ತಾಯ್ತು?"

ಬರ್ನೀಸ್ ಬಾಯಿಗೆ ಬಂದದ್ದನ್ನು ನುಂಗಿದಳು. ಹುಡುಗಿಯ ಮುಖ ನೋಡಿದರೆ ಬೈಯುವುದಕ್ಕೆ ಇನ್ನೇನೂ ಉಳಿದಿರಲಿಲ್ಲ.

ಮರುದಿನ ಗ್ರಂಥಾಲಯದಲ್ಲಿ ಕಾಲಿಡಲು ಜಾಗವಿಲ್ಲ. ಹಲಗೆಯ ಸುತ್ತ ಜನ ಬಾಗಿ ಬಾಗಿ ತಮ್ಮನ್ನು ತಾವೇ ಹುಡುಕುತ್ತಿದ್ದರು. "ಅಗೋ ನಾನು!" "ನನ್ನ ಹೊಟ್ಟೆ ಅಷ್ಟು ದೊಡ್ಡದಿಲ್ಲ ಕಣೋ ಆಲ್ವಿನ್!" "ಇದೆ ಬಿಡು, ಕ್ಯಾಮೆರಾ ಸುಳ್ಳು ಹೇಳಲ್ಲ." ನೀಲಿ ಎಂಜಿನ್ನು ಮೂತಿಯಲ್ಲಿ ಎರಡು ಬಾವುಟ ಹೊತ್ತು ಮೆಲ್ಲಗೆ ಬಂದಾಗ ಗಂಡಸರೆಲ್ಲ ಟೋಪಿ ತೆಗೆದರು. ಸಂಘದ ಹೋಯ್ಟ್‌ಗೆ ಕಣ್ಣು ತುಂಬಿ ಬಂತು. ಡೀನಾ ಗೋಡೆಗೆ ಒರಗಿ, ಬಾಗಿಲನ್ನೇ ನೋಡುತ್ತ ನಿಂತಿದ್ದಳು.

ಶೆರಿಫನ ಕೈಕೆಳಗಿನ ಡೆಪ್ಯುಟಿ ಕ್ಯಾಂಟು ಎಂಬಾಕೆ ಆವತ್ತು ರೈಲಿನ ಗೇಟಿನ ಹತ್ತಿರ ವಾಹನ ತಡೆಯುತ್ತಿದ್ದವಳು. ಅವಳೂ ಬಾಗಿ ತನ್ನನ್ನು ಹುಡುಕಿಕೊಂಡಳು.

"ನನ್ನ ಟೋಪಿ ಸ್ವಲ್ಪ ದೊಡ್ಡದಾಯ್ತು ಆಲ್ವಿನ್. ಉಳಿದದ್ದೆಲ್ಲ ಸರಿ. ಅಂಗಡಿ ಹಿಂದೆ ಇದೇನು ಕಲೆ? ಏನೋ ಕಿತ್ತುಬಂದ ಹಾಗಿದೆ."

ಆಲ್ವಿನ್‌ನ ಕೊರಳು ಕೆಂಪಾಯಿತು. ಅವನು ಉತ್ತರ ಹುಡುಕುವಷ್ಟರಲ್ಲಿ ಟೆಸ್ಸಾ ಜನರ ನಡುವೆ ತೂರಿ ಬಂದಳು. ಹಳದಿ ಮಳೆಕೋಟು ಹಾಕಿಕೊಂಡಿದ್ದಳು. ಜೇಬಿನಿಂದ ಟ್ರಕ್ಕು ತೆಗೆದು ಅಂಟಿನ ಕಲೆಯ ಮೇಲೆ ಇಟ್ಟಳು. ಪಕ್ಕಕ್ಕೆ ಎರಡು ಗೊಂಬೆಗಳನ್ನು ನಿಲ್ಲಿಸಿದಳು.

"ಇದ್ದದ್ದನ್ನ ಬಿಡಬಾರದು ಅಲ್ವಾ ತಾತ?"

"ಯಾರದಮ್ಮ ಇದು?" ಎಂದಳು ಕ್ಯಾಂಟು. "ನಾನು ಆವತ್ತು ನೋಡ್ಲೇ ಇಲ್ಲ."

"ನಮ್ಮಪ್ಪಂದು. ಈ ಹಳದಿ ಕೋಟು ನಾನು. ಅವರ ಜೊತೇಲೇ ನಿಂತಿದ್ದೆ. ನಮ್ಮಮ್ಮ ಅಲ್ಲಿದ್ದಾಳೆ, ಗಾಲಿಕುರ್ಚಿ ಹಿಂದೆ." ಅವಳು ಗೇಟಿನ ಕಡೆ ಬೆರಳು ತೋರಿಸಿದಳು. "ನಿನ್ನೆ ಅಮ್ಮನ ಕಾರಿನ ಮೇಲೆ ಕಾಸು ಇಟ್ಟವರೂ ಅವರೇ. ಇಲ್ಲಿಂದ ಅಲ್ಲಿಗೆ ಎಷ್ಟು ದೂರ ಅಂತ ತಾತನ್ನ ಕೇಳಿ."

ಎಡ್ನಾ ಪಾಸ್ಕಲ್‌ಳ ಬಾಯಿಯ ಹತ್ತಿರ ಹೋಗಿದ್ದ ಕೊಲಾಚೆ ಅಲ್ಲೇ ನಿಂತಿತು. ಆಲ್ವಿನ್ ಜೇಬಿನಿಂದ ತನ್ನ ಉಕ್ಕಿನ ಅಳತೆಪಟ್ಟಿ ತೆಗೆದ. ಟ್ರಕ್ಕಿನಿಂದ ಗಾಲಿಕುರ್ಚಿಯವರೆಗೆ ಇಟ್ಟು, ಎರಡು ಸಲ ನೋಡಿದ.

"ನಾನು ಅಳತೆ ತಪ್ಪಲ್ಲ," ಅಂದ. "ಹಲಗೆ ಮೇಲೆ ಒಂದಡಿ ಕೂಡ ಇಲ್ಲ, ನಿಜದಲ್ಲಿ ಮೂವತ್ತು ಗಜಾನೂ ಆಗಲ್ಲ. ಜಡ್ಜು ಹೇಳಿದ ದೂರ ಇಡಬೇಕು ಅಂದ್ರೆ ಈ ಹಲಗೆ ಪೂರ್ತಿ ಸಾಲಲ್ಲ. ಟ್ರಕ್ಕು ಬಾಗಿಲಿಂದ ಆಚೆ ನಿಲ್ಲಬೇಕಿತ್ತು."

ಕ್ಯಾಂಟು ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡಳು. ಡೀನಾಳನ್ನೂ ಟೆಸ್ಸಾಳನ್ನೂ ಕರೆದುಕೊಂಡು ಪುಸ್ತಕದ ಕೋಣೆಗೆ ಹೋಗಿ ಬಾಗಿಲು ಹಾಕಿದಳು. ಗಾಜಿನಾಚೆ ಡೀನಾ ಮಗಳನ್ನು ಹಳದಿ ಕೋಟಿನ ಸಮೇತ ತಬ್ಬಿಕೊಂಡದ್ದು ಕಂಡಿತು. ಟೆಸ್ಸಾ ಚಿಕ್ಕ ಮಗುವಿನ ಹಾಗೆ ಬಿಕ್ಕುತ್ತಿದ್ದಳು. ಆ ಹುಡುಗಿ ಅಪ್ಪನನ್ನು ಕಳೆದುಕೊಂಡದ್ದು ಇವತ್ತು ಎಂದು ಬರ್ನೀಸ್‌ಗೆ ಅರ್ಥವಾಯಿತು.

ಅವಳು ಹಲಗೆಯ ಮೇಲಿನ ತನ್ನನ್ನೇ ನೋಡಿದಳು. ಕಂದು ಕೋಟಿನ ಮುದುಕಿ, ರಸ್ತೆ ಕಾಯುತ್ತ. ಟ್ರಕ್ಕು ಇದ್ದದ್ದು ಅಂಗಡಿಯ ಹಿಂದೆ, ಅವಳ ಬೆನ್ನ ಕಡೆ.

ಆಲ್ವಿನ್ ಪಕ್ಕಕ್ಕೆ ಬಂದ. "ನಿನ್ನನ್ನ ರೈಲಿನ ಕಡೆ ತಿರುಗಿಸಿ ಅಂಟಿಸ್ಲಾ?"

"ಬೇಡ. ಇದ್ದದ್ದು ಇದ್ದ ಹಾಗೇ ಇರ್ಲಿ."

"ಯಾಕೆ ಆ ಕಡೆ ನಿಂತಿದ್ದೆ ಅಂತ ನಾನು ಕೇಳಲೇ ಇಲ್ಲ, ಅಲ್ವಾ?"

"ಎರಡು ವರ್ಷದಿಂದ ಕೇಳಿಲ್ಲ."

ಆಲ್ವಿನ್ ರೈಲು ಓಡಿಸುವ ಗುಂಡಿಗಳ ಪೆಟ್ಟಿಗೆಯನ್ನು ಹೋಯ್ಟ್‌ನ ಕೈಗೆ ಕೊಟ್ಟ. ಆ ಪೆಟ್ಟಿಗೆಯನ್ನು ಅವನು ಇನ್ನೊಬ್ಬರ ಕೈಗೆ ಕೊಟ್ಟದ್ದನ್ನು ಬರ್ನೀಸ್ ಎಂದೂ ಕಂಡಿರಲಿಲ್ಲ. ನೀಲಿ ಎಂಜಿನ್ನು ಮತ್ತೆ ಗೇಟಿನ ಕಡೆಗೆ ಬರುತ್ತಿತ್ತು. ಅವನು ಅದಕ್ಕೆ ಬೆನ್ನು ಹಾಕಿ, ಹೊರಬಾಗಿಲ ಕಡೆ ಮುಖ ಮಾಡಿ, ಹೆಂಡತಿಯ ಪಕ್ಕ ನಿಂತ.

"ನೀನು ರೈಲು ನೋಡು," ಅಂದ. "ರಸ್ತೆ ನಾನು ನೋಡ್ತೀನಿ."